ಸೀಸ-ಲಿಥಿಯಂ ಹರಿವಿನ ಸಿಮ್ಯುಲೇಶನ್: ವಿದ್ಯುತ್ ಪ್ರವಾಹದ ಲೆಕ್ಕ ತಪ್ಪುವುದೆಲ್ಲಿ?

ಸಮ್ಮಿಳನ ರಿಯಾಕ್ಟರಿನ ಬ್ಲಾಂಕೆಟ್‌ಗೆ (ಪ್ಲಾಸ್ಮಾ ಸುತ್ತ ಶಾಖ ಹೀರಿ, ಟ್ರಿಟಿಯಂ ಇಂಧನ ಹುಟ್ಟಿಸುವ ಹೊದಿಕೆ) ದ್ರವ ಸೀಸ-ಲಿಥಿಯಂ ಬಳಸುವ ವಿನ್ಯಾಸಗಳಿವೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಎಲ್‌ಎಲ್‌ಸಿಬಿ (ಸೀಸ-ಲಿಥಿಯಂನಿಂದ ತಂಪಾಗುವ ಸೆರಾಮಿಕ್ ಬ್ರೀಡರ್) ಅವುಗಳಲ್ಲೊಂದು. ಮೆಶ್ ಮಾಡುವ (ನಾಳವನ್ನು ಲೆಕ್ಕಕ್ಕಾಗಿ ಸಣ್ಣ ಸೆಲ್‌ಗಳಾಗಿ ಒಡೆಯುವ) ಮೊದಲೇ ನಾನು ಹಾರ್ಟ್‌ಮನ್ ಸಂಖ್ಯೆ ತೆಗೆಯುತ್ತೇನೆ; ಕಾಂತಬಲ ದ್ರವದ ಸ್ನಿಗ್ಧತೆಗಿಂತ ಎಷ್ಟು ಪ್ರಬಲ ಎನ್ನುವ ಅಳತೆ ಅದು. 4 ಟೆಸ್ಲಾ ಕಾಂತಕ್ಷೇತ್ರ, 10 ಸೆಂ.ಮೀ. ಅಗಲದ ನಾಳಕ್ಕೆ ಅದು ಸುಮಾರು 4,500. ಅಂದರೆ ಕ್ಷೇತ್ರಕ್ಕೆ ಲಂಬವಾದ ಗೋಡೆಯ ಮೇಲೆ ವೇಗ ಸೊನ್ನೆಗೆ ಇಳಿಯುವ ಪದರ ಬರೀ 11 ಮೈಕ್ರಾನ್. ಸಮಾಂತರ ಗೋಡೆಯದು ಮುಕ್ಕಾಲು ಮಿಲಿಮೀಟರ್. ಮೊದಲ ಸೆಲ್ 1.5 ಮೈಕ್ರಾನ್ ಇಟ್ಟು 1.2 ಪಟ್ಟು ಬೆಳೆಸುತ್ತ ಹೋದರೆ ತೆಳು ಪದರದಲ್ಲಿ ಐದು ಸೆಲ್ ಕೂರುತ್ತವೆ. ಇಲ್ಲಿ ಜಿಪುಣತನ ಬೇಡ: ನಾಳ ಅವಾಹಕವಾಗಿದ್ದರೆ ವಿದ್ಯುತ್ ಪ್ರವಾಹ ಮರಳುವ ದಾರಿಯೇ ಈ ಪದರಗಳು.

ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಕಾಂತೀಯ ರೆನಾಲ್ಡ್ಸ್ ಸಂಖ್ಯೆ (ಹರಿವು ಕಾಂತಕ್ಷೇತ್ರವನ್ನು ಎಷ್ಟು ಬದಲಿಸುತ್ತದೆ ಎನ್ನುವ ಅಳತೆ) 0.005ರಷ್ಟೇ. ಹೀಗಾಗಿ ಓಪನ್‌ಫೋಮ್ ಎಂಬ ಹರಿವಿನ ತಂತ್ರಾಂಶದ ಎಂಎಚ್‌ಡಿಫೋಮ್ ಪ್ರೋಗ್ರಾಂ ಬಿಡಿಸುವ ಪ್ರೇರಣಾ ಸಮೀಕರಣ (ಕಾಂತಕ್ಷೇತ್ರದ ಬದಲಾವಣೆಯದು) ಬೇಕಿಲ್ಲ. ವಿದ್ಯುತ್ ವಿಭವದ (ವೋಲ್ಟೇಜಿನ) ಪಾಸಾನ್ ಸಮೀಕರಣ ಸಾಕು.

ನಿಜವಾದ ತೊಡಕು ಅಲ್ಲೇ ಇದೆ. ಅವಾಹಕ ಗೋಡೆಗಳ ನಡುವೆ, ಚಲನೆಯಿಂದ ಹುಟ್ಟುವ ಕ್ಷೇತ್ರವೂ ವಿಭವದ ಇಳಿಜಾರೂ ಹೆಚ್ಚುಕಡಿಮೆ ಒಂದನ್ನೊಂದು ಅಳಿಸಿಬಿಡುತ್ತವೆ. ಉಳಿಯುವ ಪ್ರವಾಹ ಅವುಗಳ 4,500ನೇ ಒಂದು ಪಾಲು. ಇಳಿಜಾರಿನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ತಪ್ಪಿದರೂ ಪ್ರವಾಹದಲ್ಲಿ ಶೇ 45ರಷ್ಟು ತಪ್ಪು! ಪರದೆಯ ಮೇಲೆ ವೇಗದ ಚಿತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒತ್ತಡ ಕುಸಿತ ಮಾತ್ರ ಸುಳ್ಳು. ಅದಕ್ಕೇ ಪ್ರವಾಹವನ್ನು ಸೆಲ್‌ನ ಮಧ್ಯದಲ್ಲಲ್ಲ, ಮುಖಗಳ ಮೇಲೆ ಲೆಕ್ಕ ಹಾಕಬೇಕು. ಪಾಸಾನ್ ಸಮೀಕರಣದಲ್ಲಿ ಬಳಸಿದ ಇಳಿಜಾರಿನ ಸೂತ್ರವನ್ನೇ ಅಲ್ಲೂ ಬಳಸಿ, ಆಮೇಲೆ ಮಧ್ಯಕ್ಕೆ ತಂದು ಲೊರೆಂಟ್ಸ್ ಬಲ (ಕಾಂತಕ್ಷೇತ್ರದಲ್ಲಿ ಪ್ರವಾಹದ ಮೇಲೆ ಬೀಳುವ ಬಲ) ಕಂಡುಹಿಡಿಯಬೇಕು. ಪ್ರತಿ ಸೆಲ್‌ನ ಮುಖಗಳ ಪ್ರವಾಹ ಕೂಡಿಸಿದರೆ ಸೊನ್ನೆ ಬರಬೇಕು. ನಾನು ಇದನ್ನು ಪ್ರತಿ ಹೆಜ್ಜೆಯಲ್ಲೂ ಬರೆಸಿಕೊಳ್ಳುತ್ತೇನೆ. ಓರೆ ಸೆಲ್‌ಗಳು ಈ ಲೆಕ್ಕ ಕೆಡಿಸುತ್ತವೆ, ಆದ್ದರಿಂದ ಆರು ಮುಖದ ನೇರ ಸೆಲ್‌ಗಳೇ ಇರಲಿ. ಎಲ್ಲ ಗೋಡೆಯೂ ಅವಾಹಕವಾದರೆ ಒಂದು ಸೆಲ್‌ನಲ್ಲಿ ವಿಭವವನ್ನು ಸೊನ್ನೆಗೆ ಕಟ್ಟಿಹಾಕಿ.

ಬಲವನ್ನು ಹಿಂದಿನ ಹೆಜ್ಜೆಯ ಪ್ರವಾಹದಿಂದ ತೆಗೆದುಕೊಳ್ಳುವುದಾದರೆ ಕಾಲದ ಹೆಜ್ಜೆ 0.8 ಮಿಲಿಸೆಕೆಂಡಿಗಿಂತ ಸಾಕಷ್ಟು ಕೆಳಗಿರಲಿ. ಕ್ಷೇತ್ರ ಹರಿವನ್ನು ತಡೆಯುವ ಕಾಲಮಾನ ಅದು. ಮೀರಿದರೆ ಲೆಕ್ಕ ಸ್ಫೋಟಗೊಳ್ಳುತ್ತದೆ.

ಕೋಡಿನ ಪರೀಕ್ಷೆಗೆ, ಕಾಂತಕ್ಷೇತ್ರದಲ್ಲಿನ ಆಯತ ನಾಳದ ಹರಿವಿಗೆ ಶೆರ್ಕ್ಲಿಫ್ ಕೊಟ್ಟ 1953ರ ಗಣಿತ ಪರಿಹಾರ ಸುಲಭದ್ದು. ಹಂಟ್‌ರ 1965ರದ್ದನ್ನೂ ಬಿಡಬೇಡಿ: ಪಕ್ಕದ ಗೋಡೆಗಳ ಬಳಿ ಏಳುವ ವೇಗದ ಧಾರೆಗಳು ಕೋಡಿನ ಹುಳುಕನ್ನು ಬಯಲಿಗೆಳೆಯುತ್ತವೆ. 100ರಿಂದ ಶುರುಮಾಡಿ 500, 1,000 ಎಂದು ಹಾರ್ಟ್‌ಮನ್ ಸಂಖ್ಯೆ ಏರಿಸಿ.

ಉಕ್ಕಿನ ಗೋಡೆಯನ್ನೂ ಸೇರಿಸುವಾಗ, ಲೋಹ-ದ್ರವ ಗಡಿಯ ಮುಖದಲ್ಲಿ ವಾಹಕತೆಗೆ ಹರಾತ್ಮಕ ಸರಾಸರಿ (ವಿಲೋಮಗಳ ಸರಾಸರಿಯ ವಿಲೋಮ) ಕೊಡಿ. ಸಾದಾ ಸರಾಸರಿ ಕೊಟ್ಟರೆ ಗೋಡೆಗೆ ನುಗ್ಗುವ ಪ್ರವಾಹವೇ ತಪ್ಪು. ಆ ಪ್ರವಾಹದ ಬೆಲೆ ನೋಡಿ: ಸರಳ ಹಾರ್ಟ್‌ಮನ್ ಸೂತ್ರದ ಪ್ರಕಾರ ಅವಾಹಕ ಗೋಡೆಯಲ್ಲಿ ಮೀಟರಿಗೆ ಸುಮಾರು 270 ಪಾಸ್ಕಲ್ ಒತ್ತಡ ಕುಸಿತ, 5 ಮಿ.ಮೀ. ಉಕ್ಕಿನಲ್ಲಿ ಸುಮಾರು 1.4 ಲಕ್ಷ ಪಾಸ್ಕಲ್.