ರಾಯಣ್ಣ ಮತ್ತೆ ಹುಟ್ಟಿದರೆ: ರೋಲ್‌ಪ್ಲೇ ಆಟಕ್ಕೊಂದು ಕಥೆ

ಬೆಳಗಾವಿಯಲ್ಲಿ ರೋಲ್‌ಪ್ಲೇ ಆಟ (ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರ ಪಾತ್ರಗಳಾಗಿ ದಾಳ ಹಾಕಿ ಆಡುತ್ತಾರೆ) ಆಡಿಸುವವರಿಗೆ ಒಂದು ಸಲಹೆ. ಮತ್ತೆ ಹುಟ್ಟಿ ಬರುವ ವೀರನ ಕಥೆ ಬೇಕಾದರೆ ಒಮ್ಮೆ ನಂದಗಡಕ್ಕೆ ಹೋಗಿ ಬನ್ನಿ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಅಲ್ಲೇ. ಸಮಾಧಿ ಹತ್ತಿರದ ಆಲದ ಮರಕ್ಕೆ ಜನ ಪುಟ್ಟ ತೊಟ್ಟಿಲು ಕಟ್ಟುತ್ತಾರೆ, ಅಂಥ ಮಗ ಹುಟ್ಟಲಿ ಅಂತ. ನನ್ನ ಕಥೆ ಸಿಕ್ಕಿದ್ದು ಆ ತೊಟ್ಟಿಲಲ್ಲಿ.

ಇಸವಿ 2831. ಬೇರೆ ನಕ್ಷತ್ರಕ್ಕೆ ಹೊರಟ ದೊಡ್ಡ ನೌಕೆ. ಅದರ ತೋಟದಲ್ಲಿ ಅದೇ ಆಲದ ಕೊಂಬೆಯಿಂದ ಬೆಳೆದ ಮರ. ನೌಕೆ ಒಂದು ಕಂಪನಿಯ ಕೈಯಲ್ಲಿದೆ, ಉಸಿರಾಡುವ ಗಾಳಿಗೂ ಕಂದಾಯ. ಆಟಗಾರರಲ್ಲಿ ಒಬ್ಬರು ರಾಯಣ್ಣ. ಯಾರು ಅಂತ ಮಾತ್ರ ಹೇಳಲೇಬೇಡಿ. ಎಲ್ಲರಿಗೂ ಒಂದೊಂದು ನೆನಪಿನ ಚೀಟಿ ಕೊಡಿ: ಸುಡುತ್ತಿರುವ ಕಚೇರಿಯ ಹೊಗೆ, ಹಳ್ಳದ ತಣ್ಣನೆ ನೀರು, ಕೈ ಜಾರಿದ ಕತ್ತಿ. ಚೀಟಿ ಬಳಸಿದರೆ ದಾಳಕ್ಕೆ ಎರಡು ಅಂಕ ಜಾಸ್ತಿ. ಆದರೆ ಈ ಜನ್ಮದ ಒಂದು ನೆನಪನ್ನು ತನ್ನ ಪಾತ್ರದ ವಿವರ ಬರೆದ ಹಾಳೆಯಿಂದ ಅಳಿಸಬೇಕು. ನಮ್ಮಲ್ಲಿ ಒಬ್ಬಳು ತನ್ನ ಪಾತ್ರದ ತಾಯಿಯ ಹೆಸರನ್ನೇ ಅಳಿಸಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನೊಂದು ಮಾತು. ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮವರೇ ಅಲ್ವಾ? ಅವರಲ್ಲೊಬ್ಬನೂ ಈ ನೌಕೆಯಲ್ಲಿ ಹುಟ್ಟಿರಲಿ. ಈ ಸಲ ಅವನು ಏನು ಮಾಡುತ್ತಾನೆ ಅನ್ನೋದನ್ನ ಆಟಗಾರರಿಗೇ ಬಿಡಿ.