ತುಟಿ ಹಾಡಿಗೆ ಕೂಡಬೇಕಾದರೆ: ಕಡಿಮೆ ಖರ್ಚಿನ ಹಾಡಿನ ಚಿತ್ರೀಕರಣ

ಹಾಡಿನ ವಿಡಿಯೊ ಮಾಡಲು ಹೊರಟ ಹೊಸಬರು ಮೊದಲು ವಿಚಾರಿಸುವುದು ಕ್ಯಾಮೆರಾದ ಬಾಡಿಗೆಯನ್ನು. ನನ್ನನ್ನು ಕೇಳಿದರೆ ಕೈಯಲ್ಲಿರುವ ಫೋನೇ ಸಾಕು. ದುಡ್ಡಿದ್ದರೆ ಅದನ್ನು ಒಳ್ಳೆಯ ಧ್ವನಿಮುದ್ರಣಕ್ಕೂ ಬಂದವರ ಊಟ ಮತ್ತು ಬಸ್ಸಿನ ಖರ್ಚಿಗೂ ಇಡುವುದು ಲೇಸು. ಚಿತ್ರ ತುಸು ಮಸುಕಾದರೆ ನೋಡುವವರು ಸಹಿಸಿಕೊಳ್ಳುತ್ತಾರೆ, ಆದರೆ ತುಟಿಯೊಂದು ಕಡೆ, ಹಾಡೊಂದು ಕಡೆ ಹೋದರೆ ಹತ್ತು ಸೆಕೆಂಡೂ ಕೂರುವುದಿಲ್ಲ.

ಹಾಡನ್ನು ಆರಿಸುವಾಗಲೇ ಹಕ್ಕಿನ ವಿಷಯ ತೀರಿಸಿಕೊಳ್ಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಜೀವಿತಕಾಲ ಮತ್ತು ಆ ಬಳಿಕ 60 ವರ್ಷಗಳವರೆಗೆ ಸಾಹಿತ್ಯದ ಮೇಲೆ ಹಕ್ಕು ಇರುತ್ತದೆ. ಆದ್ದರಿಂದ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ ಅನುಮತಿ ಬೇಕು. 1889ರಲ್ಲಿ ಗತಿಸಿದ ಶಿಶುನಾಳ ಶರೀಫರ ತತ್ವಪದಕ್ಕೆ ಬೇಡ. ಆದರೆ ಶರೀಫರ ಪದಕ್ಕೆ ಇತ್ತೀಚಿನವರು ಕಟ್ಟಿದ ರಾಗಸಂಯೋಜನೆ ಬೇರೆಯೇ ಕೃತಿ, ಅದರ ಹಕ್ಕೂ ಬೇರೆ. ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಧಾಟಿಯನ್ನು ಪರಂಪರೆಯದೆಂದು ನಂಬಿ ಹಾಡಿ ತೊಂದರೆಗೆ ಸಿಕ್ಕವರಿದ್ದಾರೆ. ಸ್ವಂತ ಧಾಟಿ ಕಟ್ಟಿಕೊಂಡರೆ ಆ ತಲೆನೋವಿಲ್ಲ.

ನಾಲ್ಕು ನಿಮಿಷದ ಹಾಡೆಂದರೆ 240 ಸೆಕೆಂಡು. ನಾಲ್ಕು ಸೆಕೆಂಡಿಗೊಂದರಂತೆ ಕತ್ತರಿಸಿದರೂ 60 ಶಾಟ್ ಬೇಕು, ಅಷ್ಟನ್ನೂ ಒಂದೊಂದಾಗಿ ತೆಗೆಯುತ್ತ ಕೂತರೆ ಒಂದು ಹಗಲು ಸಾಲದು. ಬದಲಿಗೆ ಹಾಡುಗಾರರು ಪಲ್ಲವಿಯಿಂದ ಕೊನೆಯ ಚರಣದವರೆಗೆ ತಡೆಯಿಲ್ಲದೆ ಹಾಡುವುದನ್ನು ಮೂರು ಸಲ ಚಿತ್ರಿಸಿರಿ: ದೂರದಿಂದೊಮ್ಮೆ, ಸೊಂಟದ ಮಟ್ಟದಲ್ಲೊಮ್ಮೆ, ಮುಖದ ಹತ್ತಿರದಿಂದೊಮ್ಮೆ. ವಿಡಿಯೊದ ಬೆನ್ನೆಲುಬು ಅಷ್ಟಕ್ಕೇ ಸಿದ್ಧವಾಗುತ್ತದೆ. ತಂಬೂರಿಯ ತಂತಿ, ತಾಳ ಹಾಕುವ ಬೆರಳು, ಕೇಳುತ್ತ ಕೂತ ಅಜ್ಜಿಯ ಮುಖ ಮುಂತಾದವನ್ನು ಉಳಿದ ಹೊತ್ತಿನಲ್ಲಿ ಕೂಡಿಸಿಕೊಳ್ಳಬಹುದು.

ಈಗ ತುಟಿಯ ಮಾತು. ಮುಗಿದ ಹಾಡಿನ ಟ್ರ್ಯಾಕಿಗೆ ಮೊದಲಲ್ಲಿ ನಾಲ್ಕು ಟಿಕ್ ಟಿಕ್ ಸದ್ದನ್ನು ಸೇರಿಸಿ, ಸ್ಪೀಕರಿನಲ್ಲಿ ಜೋರಾಗಿ ಹಾಕಿರಿ. ಹಾಡುಗಾರರಿಗೆ ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯುತ್ತದೆ, ಫೋನಿನ ಮೈಕಿಗೂ ಗುರುತು ಸಿಗುತ್ತದೆ. ಬರಿದೇ ತುಟಿ ಆಡಿಸಲು ಬಿಡದೆ ನಿಜವಾಗಿಯೇ ಗಂಟಲೆತ್ತಿ ಹಾಡಿಸಬೇಕು, ಏಕೆಂದರೆ ಕತ್ತಿನ ನರ ಬಿಗಿಯದ ತಾರಸ್ಥಾಯಿ ಪರದೆಯ ಮೇಲೆ ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಸ್ಪೀಕರ್ ಇರಬೇಕಾದದ್ದು ಹಾಡುವವರ ಕಾಲ ಬಳಿ, ಚೌಕಟ್ಟಿನಿಂದ ಸ್ವಲ್ಪವೇ ಆಚೆ. ನಾನು ಇದನ್ನು ಕಲಿತದ್ದು ಕೆರೆಯೊಂದರ ಏರಿಯ ಮೇಲೆ. ಸ್ಪೀಕರನ್ನು ಕ್ಯಾಮೆರಾದ ಪಕ್ಕದಲ್ಲಿಟ್ಟು, ಸುಮಾರು 60 ಮೀಟರು ದೂರದ ತೂಬಿನ ಕಲ್ಲಿನ ಮೇಲೆ ಗೆಳೆಯನನ್ನು ನಿಲ್ಲಿಸಿದ್ದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ ಹಾಡು ಅವನ ಕಿವಿ ಮುಟ್ಟುವಷ್ಟರಲ್ಲಿ ಸೆಕೆಂಡಿನ ಆರನೆಯ ಒಂದು ಭಾಗ ಕಳೆದಿರುತ್ತಿತ್ತು, ಅಂದರೆ ಸೆಕೆಂಡಿಗೆ 25 ಫ್ರೇಮಿನ, ಎಂದರೆ 25 ಬಿಡಿಚಿತ್ರಗಳ, ಲೆಕ್ಕದಲ್ಲಿ ನಾಲ್ಕು ಫ್ರೇಮು. ಪಾಪ, ಹುಡುಗ ತಾಳ ತಪ್ಪುತ್ತಾನೆಂದು ಐದು ಸಲ ಹಾಡಿಸಿದೆ.

ನಡಿಗೆ ನಿಧಾನವಾಗಿ ಕಾಣುತ್ತ ತುಟಿ ಮಾತ್ರ ಹಾಡಿಗೆ ಸರಿಹೊಂದುವ ಶಾಟ್ ಬೇಕಿದ್ದರೆ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ, ಸೆಕೆಂಡಿಗೆ 60 ಫ್ರೇಮಿನಲ್ಲಿ ಚಿತ್ರಿಸಿ, ಸಂಕಲನದಲ್ಲಿ 30ಕ್ಕೆ ಇಳಿಸಬೇಕು. ಇಮ್ಮಡಿ ವೇಗದಲ್ಲಿ ಹಾಡುವಾಗ ಎಲ್ಲರಿಗೂ ನಗು ಬರುತ್ತದೆ, ಅದಕ್ಕೊಂದು ಹದಿನೈದು ನಿಮಿಷ ಹೆಚ್ಚೇ ಇಟ್ಟುಕೊಳ್ಳಿ.

ಬೆಳಕಿಗೆ ಹಣ ಸುರಿಯಬೇಕಾಗಿಲ್ಲ. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ನಂತರ ಹೊರಾಂಗಣ. ನಡುವಿನ ಬಿರುಬಿಸಿಲಿನಲ್ಲಿ ಹಳೆಯ ಮನೆಯ ಪಡಸಾಲೆ ಅಥವಾ ಕಿಟಕಿಯ ಪಕ್ಕ. ಮುಖದ ನೆರಳಿನ ಬದಿಗೆ ಥರ್ಮಾಕೋಲ್ ಹಲಗೆಯೊಂದನ್ನು ಹಿಡಿದರೆ ಸಾಕಷ್ಟು ಬೆಳಕು ಮರಳುತ್ತದೆ. ಟ್ಯೂಬ್‌ಲೈಟಿನಡಿ ಚಿತ್ರಿಸುವುದಾದರೆ, ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಶಟರನ್ನು, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಅವಧಿಯನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ನಿಲ್ಲಿಸಿ, ಇಲ್ಲವಾದರೆ ಪಟ್ಟೆ ಮಿನುಗುತ್ತದೆ. ಬೆಳಕಿನ ಪ್ರಮಾಣವನ್ನೂ ಬಣ್ಣದ ಸಮತೋಲವನ್ನೂ ಲಾಕ್ ಮಾಡಿರಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲಿ ಇವೆಲ್ಲ ಕೈಗೆ ಸಿಗುತ್ತವೆ. ಹಂಪಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಇಂಥ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಬೇಕಾದ್ದರಿಂದ, ಊರ ಹೊರಗಿನ ಬಂಡೆಗಳೇ ಅಗ್ಗ.

ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳವಾಯಿತು. ಹಲವು ಫೋನುಗಳು ಫ್ರೇಮಿನ ವೇಗವನ್ನು ತಾವೇ ಏರಿಳಿಸುವುದರಿಂದ ಮೊದಲ ಚರಣದಲ್ಲಿ ಕೂಡಿದ ತುಟಿ ಮೂರನೆಯದರಲ್ಲಿ ಜಾರಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ಬದಲಿಸಿಕೊಂಡೇ ಕೆಲಸ ಆರಂಭಿಸಿರಿ. ಟಿಕ್ ಸದ್ದಿನ ಏರು ಹಾಡಿನ ಟ್ರ್ಯಾಕು ಮತ್ತು ಫೋನಿನ ಧ್ವನಿ, ಈ ಎರಡರ ಧ್ವನಿರೇಖೆಗಳಲ್ಲೂ ಒಂದೇ ಗೆರೆಗೆ ಬಂದಾಗ ಫೋನಿನ ಧ್ವನಿಯನ್ನು ಮುಚ್ಚಿ, ‘ಪ’, ‘ಬ’, ‘ಮ’ ಅಕ್ಷರಗಳಲ್ಲಿ ತುಟಿ ಮುಚ್ಚುವ ಫ್ರೇಮನ್ನು ಹುಡುಕಿ ತಾಳೆ ನೋಡಿರಿ. ಕೆರೆ ಏರಿಯ ಆ ಶಾಟನ್ನು ನಾನು ಹೀಗೆಯೇ ನಾಲ್ಕು ಫ್ರೇಮು ಹಿಂದಕ್ಕೆ ಸರಿಸಿದಾಗ ಮೊದಲನೆಯ ಟೇಕೇ ಸರಿಯಾಗಿ ಕೂತಿತು.