ಶೋರೂಮಿಗೆ ಆಮೇಲೆ ಹೋಗಿ, ಮೊದಲು ಪಾರ್ಟ್ಸ್ ಕೌಂಟರಿಗೆ ಹೋಗಿ

ನನ್ನ ಮೊದಲ ಮಿನಿ ಟ್ರ್ಯಾಕ್ಟರ್ ನಿಂತದ್ದು ಒಂದು ಆಯಿಲ್ ಸೀಲ್‌ನಿಂದ. ಪಿಟಿಒ ಶಾಫ್ಟ್, ಅಂದರೆ ಎಂಜಿನ್ ಶಕ್ತಿಯನ್ನು ಹಿಂದೆ ಕಟ್ಟಿದ ಯಂತ್ರಕ್ಕೆ ಕೊಡುವ ದಂಡ, ಹೊರಬರುವ ಜಾಗದಲ್ಲಿ ಎಣ್ಣೆ ಸೋರದಂತೆ ಕೂರುವ ರಬ್ಬರ್ ಬಳೆ ಅದು, ಅಂಗೈಯಷ್ಟೂ ಅಗಲ ಇಲ್ಲ. ದ್ರಾಕ್ಷಿಗೆ ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆಗಿ 38ನೇ ದಿನ. ಬಳ್ಳಿಯಲ್ಲಿ ಹೂವು, ಮೇಲೆ ಮೋಡ, ಬೆಳಗ್ಗೆ ಇಬ್ಬನಿ. ದಾವಣಿ (ಡೌನಿ) ರೋಗಕ್ಕೆ ಇನ್ನೇನು ಬೇಕು? ಔಷಧ ಹೊಡೆಯುವ ಬ್ಲೋವರ್ ಕಟ್ಟಿ ಎರಡು ಸಾಲು ಹೋಗುವಷ್ಟರಲ್ಲಿ ಹಿಂದೆ ಮಣ್ಣಿನ ಮೇಲೆ ಎಣ್ಣೆಯ ಗೆರೆ ಬಿದ್ದಿತ್ತು. ಗೇರ್‌ಬಾಕ್ಸಿನ ಎಣ್ಣೆಯೇ ಹೈಡ್ರಾಲಿಕ್‌ಗೂ ಹೋಗುವ ಗಾಡಿ, ಓಡಿಸುವ ಹಾಗೇ ಇಲ್ಲ. ಡೀಲರಿಗೆ ಫೋನ್ ಮಾಡಿದೆ. "ನಾಳೆ ಬರ್ತೈತ್ರಿ" ಅಂದರು. ಆ ನಾಳೆ ಬಂದದ್ದು ಒಂಬತ್ತನೇ ದಿನಕ್ಕೆ.

ಅಲ್ಲಿಯವರೆಗೆ ಪಕ್ಕದ ಹೊಲದ ಕಾಕಾ ತಮ್ಮ ತೋಟಕ್ಕೆ ಔಷಧ ಹೊಡೆದು ಮುಗಿಸಿದ ಮೇಲೆ ಅವರ ಟ್ರ್ಯಾಕ್ಟರ್ ನನಗೆ. ಅಷ್ಟೊತ್ತಿಗೆ ಬಿಸಿಲು ಏರಿರುತ್ತಿತ್ತು. ಮೂರು ಎಕರೆಯಲ್ಲಿ ಅರ್ಧ ಎಕರೆ ಗೊನೆ ಕಪ್ಪಾಗಿ ಉದುರಿತು. ಆ ಗಾಡಿಯನ್ನು ನಾನು ತೆಗೆದುಕೊಂಡದ್ದು ಯಾಕೆ ಗೊತ್ತಾ? ಬೇರೆಯದಕ್ಕಿಂತ 40 ಸಾವಿರ ಕಡಿಮೆ ಅಂತ.

ಎರಡನೇ ಸಲ ಟ್ರ್ಯಾಕ್ಟರ್ ತೆಗೆದುಕೊಳ್ಳುವಾಗ ಉಲ್ಟಾ ಹೋದೆ. ನಾನಿರುವುದು ವಿಜಯಪುರದ ತಿಕೋಟಾ ಕಡೆ, ಹೇಳುವುದೆಲ್ಲ ದ್ರಾಕ್ಷಿಯ ಲೆಕ್ಕ. ಅಡಿಕೆ ತೋಟದವರು, ದಾಳಿಂಬೆಯವರು ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ.

ಮೊದಲು ಅಳತೆ, ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಸಾಲಿನಿಂದ ಸಾಲಿಗೆ 9 ಅಥವಾ 10 ಅಡಿ. ಬಳ್ಳಿ ಹಬ್ಬಿಸುವ ಕಬ್ಬಿಣದ ಆಂಗಲ್ ಎರಡೂ ಕಡೆ ಚಾಚಿರುತ್ತದೆ. ಹಾಗಾಗಿ ಗಾಡಿ ಅಗಲ ಒಂದೇ ಅಲ್ಲ, ಸೀಟಿನ ಮೇಲೆ ಕೂತಾಗ ತಲೆ ಎಷ್ಟು ಎತ್ತರ ಬರುತ್ತದೆ ಅಂತಲೂ ನೋಡಿ. 600 ಲೀಟರಿನ ಬ್ಲೋವರ್ ಎಳೆದುಕೊಂಡು ಹಸಿ ನೆಲದಲ್ಲಿ ಹೋಗಬೇಕಾದರೆ 24ರಿಂದ 28 ಎಚ್‌ಪಿ, ಫೋರ್ ವೀಲ್ ಇರಲಿ. ಬರೀ ಕಳೆ, ಸಣ್ಣ ಟ್ರೇಲರ್ ಅಂದರೆ 15 ಎಚ್‌ಪಿ ಸಾಕು. ಬೆಲೆಯಲ್ಲಿ ಇವೆರಡೂ ಬೇರೆ ಬೇರೆ ಲೋಕ. 15 ಎಚ್‌ಪಿಯವು ಮೂರು, ಮೂರೂವರೆ ಲಕ್ಷದ ಆಸುಪಾಸು, ಫೋರ್ ವೀಲ್‌ನವು ಐದರಿಂದ ಏಳು ಲಕ್ಷ, ಕೆಲವು ಅದಕ್ಕೂ ಮೇಲೆ. ಕೆಲಸ ಯಾವುದು ಅಂತ ತೀರ್ಮಾನ ಆಗದೆ ಬ್ರಾಂಡ್ ಹೋಲಿಸಬೇಡಿ.

ಈಗ ಮುಖ್ಯ ಕೆಲಸ. ಒಂದು ಚೀಟಿಯಲ್ಲಿ ಹತ್ತು ಪಾರ್ಟ್ ಬರೆದುಕೊಳ್ಳಿ. ನನ್ನ ಚೀಟಿಯಲ್ಲಿ ಇದ್ದವು: ಡೀಸೆಲ್ ಫಿಲ್ಟರ್, ಹೈಡ್ರಾಲಿಕ್ ಫಿಲ್ಟರ್, ಫ್ಯಾನ್ ಬೆಲ್ಟ್, ಕ್ಲಚ್ ಪ್ಲೇಟ್, ವಾಟರ್ ಪಂಪ್, ಸೆಲ್ಫ್ ಮೋಟಾರ್, ಪಿಟಿಒ ಸೀಲ್, ಮುಂದಿನ ಆಕ್ಸಲ್ ಸೀಲ್, ಮುಂದಿನ ಆಕ್ಸಲ್‌ನ ಬೆವೆಲ್ ಗೇರ್, ಮುಂದಿನ ಟೈರ್. ಈ ಚೀಟಿ ಹಿಡಿದು ಡೀಲರ್ ಹತ್ತಿರ ಹೋಗಿ. ಆದರೆ ಸೇಲ್ಸ್ ಹುಡುಗನ ಹತ್ತಿರ ಅಲ್ಲ, ಹಿಂದುಗಡೆ ಪಾರ್ಟ್ಸ್ ಕೌಂಟರಿನಲ್ಲಿ ಕೂತಿರುವವರ ಹತ್ತಿರ. ಹೊಸ ಗಾಡಿ ಬೇಕು ಅಂತ ಹೇಳಬೇಡಿ. "ಈ ಮಾಡೆಲ್ ಐತ್ರಿ ನಮ್ಮಲ್ಲಿ, ಇವುಗಳಲ್ಲಿ ಏನೇನು ಸಿಗ್ತಾವು?" ಅಂತ ಕೇಳಿ. ಸುಳ್ಳೇ, ಇರಲಿ ಬಿಡಿ. ಪ್ರತಿಯೊಂದರ ಮುಂದೆ ಎರಡು ವಿಷಯ ಬರೆದುಕೊಳ್ಳಿ: ರೇಟ್ ಎಷ್ಟು, ಈಗಲೇ ಕೈಗೆ ಕೊಡುತ್ತಾರಾ ಇಲ್ಲ ತರಿಸಬೇಕಾ. "ಆರ್ಡರ್ ಹಾಕಬೇಕು" ಅಂದರೆ ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಹುಬ್ಬಳ್ಳಿಯಿಂದ ಅಂದರೆ ಒಂದು ಲೆಕ್ಕ, ಬೇರೆ ರಾಜ್ಯದಿಂದ ಅಂದರೆ ಬೇರೆ ಲೆಕ್ಕ.

ನಾನು ಮೂರು ಕೌಂಟರ್ ಸುತ್ತಿದೆ. ಫಿಲ್ಟರ್, ಬೆಲ್ಟ್ ಎಲ್ಲ ಕಡೆ ಇದ್ದವು. ಅದರಿಂದ ಏನೂ ಗೊತ್ತಾಗುವುದಿಲ್ಲ. ನಿಜವಾದ ಪರೀಕ್ಷೆ ಬೆವೆಲ್ ಗೇರ್ ಮತ್ತು ಆಕ್ಸಲ್ ಸೀಲ್. ಒಂದು ಕಡೆ ಕೌಂಟರಿನವರು ಕಂಪ್ಯೂಟರ್ ಕೂಡ ನೋಡದೆ ಎದ್ದು ಹೋಗಿ, ಧೂಳು ಹಿಡಿದ ಡಬ್ಬಿ ತಂದು ಮುಂದೆ ಇಟ್ಟರು. ಇನ್ನೊಂದು ಕಡೆ "ಅದು ಹೋಗೋದೇ ಇಲ್ರಿ" ಅಂದರು. ಕೆಟ್ಟು ಹೋಗುವುದೇ ಇಲ್ಲ ಅನ್ನುವ ಪಾರ್ಟ್ ಜಗತ್ತಿನಲ್ಲಿ ಇಲ್ಲ.

ಸೀಲ್ ವಿಷಯದಲ್ಲಿ ಇನ್ನೊಂದು ಕಿವಿಮಾತು. ಸೀಲ್ ಅಂಚಿನಲ್ಲಿ ಮೂರು ಅಂಕಿ ಇರುತ್ತವೆ, 35-52-8 ಅನ್ನುವ ಹಾಗೆ. ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಎಲ್ಲ ಮಿಲಿಮೀಟರ್‌ನಲ್ಲಿ. ಇದು ಸಾಮಾನ್ಯ ಅಳತೆ ಆಗಿದ್ದರೆ ಊರಿನ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಬೇರಿಂಗ್ ಕೂಡ ಹಾಗೆಯೇ. 6205 ಅಂತ ಬರೆದಿದ್ದರೆ ಯಾವ ಕಂಪನಿಯದಾದರೂ ಅಳತೆ ಒಂದೇ. ನನ್ನ ಹಳೇ ಗಾಡಿಯದು ವಿಚಿತ್ರ ಅಳತೆ, ಅದಕ್ಕೇ ಒಂಬತ್ತು ದಿನ ಕಾದದ್ದು. ಮಿಸ್ತ್ರಿ ಹತ್ತಿರ ಬಿಚ್ಚಿದ ಸೀಲ್ ಬಿದ್ದಿರುತ್ತವೆ, ನಿಮಗೆ ಬೇಕಾದ ಮಾಡೆಲಿನದು ಹುಡುಕಿ ಅಂಕಿ ಓದಿಕೊಳ್ಳಿ.

ಮಿಸ್ತ್ರಿ ಅಂದರೆ ನೆನಪಾಯಿತು. 20 ಕಿಲೋಮೀಟರ್ ಒಳಗೆ ಆ ಗಾಡಿಯ ಗೇರ್‌ಬಾಕ್ಸ್ ಬಿಚ್ಚಿ ಮತ್ತೆ ಕೂರಿಸಿದವರು ಯಾರಾದರೂ ಇದ್ದಾರಾ ಅಂತ ನೋಡಿ. ಎಣ್ಣೆ ಬದಲಿಸುವವರು ಬೇಕಾದಷ್ಟು ಸಿಗುತ್ತಾರೆ.

ಇನ್ನು ಬ್ರಾಂಡ್‌ಗಳು. ಮಹೀಂದ್ರ ಜೀವೋ 245 ಡಿಐ, 24 ಎಚ್‌ಪಿ, ಎರಡು ಸಿಲಿಂಡರ್. ಕುಬೋಟಾದ ಬಿ2441 ಮತ್ತು ಬಿ2741 ಮೂರು ಸಿಲಿಂಡರ್, ನಡುಕ ಕಡಿಮೆ. ಜಾನ್ ಡೀರ್ 3028 ಇಎನ್ 28 ಎಚ್‌ಪಿ, ಇವುಗಳಲ್ಲಿ ದುಬಾರಿ. ವಿಎಸ್‌ಟಿ 1967ರಿಂದ ಇರುವ ನಮ್ಮ ಬೆಂಗಳೂರಿನ ಕಂಪನಿ, ಪವರ್ ಟಿಲ್ಲರ್‌ನಿಂದ ಹೆಸರು ಮಾಡಿದ್ದು. ಹಾಗಾಗಿ ಟಿಲ್ಲರ್ ಜಾಸ್ತಿ ಇರುವ ಕಡೆ ಅದರ ಮಿಸ್ತ್ರಿ ಸುಲಭವಾಗಿ ಸಿಗಬಹುದು. ಸ್ವರಾಜ್ 717 15 ಎಚ್‌ಪಿಯದು. ಸ್ವರಾಜ್ 2007ರಲ್ಲೇ ಮಹೀಂದ್ರದ ಕೈಗೆ ಬಂದಿದ್ದರೂ ಡೀಲರ್ ಬೇರೆ, ಪಾರ್ಟ್ ಬೇರೆ. "ಎರಡೂ ಒಂದೇ ಅಲ್ವಾ" ಅಂದುಕೊಂಡು ಹೋಗಬೇಡಿ. ಹೊಸದಾಗಿ ಬಂದ ಮಾಡೆಲ್‌ಗೆ, ಉದಾಹರಣೆಗೆ 2023ರಲ್ಲಿ ಬಂದ ಮಹೀಂದ್ರ ಓಜಾ ಥರದ್ದಕ್ಕೆ, ಹೊರಗಿನ ಅಂಗಡಿಯಲ್ಲಿ ಲೋಕಲ್ ಪಾರ್ಟ್ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಸಿಗದಿದ್ದರೆ ಡೀಲರ್ ಒಬ್ಬರನ್ನೇ ನಂಬಿಕೊಳ್ಳಬೇಕು. ಕಂಪನಿಯೇ ಟ್ರ್ಯಾಕ್ಟರ್ ಬಿಡುವುದೂ ಉಂಟು. ಫೋರ್ಸ್ ಮೋಟಾರ್ಸ್ 2024ರ ಮಾರ್ಚ್ ಕೊನೆಗೆ ಟ್ರ್ಯಾಕ್ಟರ್ ವ್ಯವಹಾರ ನಿಲ್ಲಿಸಿತು. ಅವರ ಆರ್ಚರ್ಡ್ ಮಿನಿ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕರೆ ಈ ಮಾತು ನೆನಪಿರಲಿ.

ನಾನು ಯಾವುದು ತೆಗೆದುಕೊಂಡೆ ಅಂತ ಕೇಳಬೇಡಿ. ನನ್ನ ಊರಿನ ಕೌಂಟರ್ ನಿಮ್ಮ ಊರಲ್ಲಿ ಇಲ್ಲ.

ಕೊಟೇಶನ್ ಬರೆದು ಕೊಡುವಾಗ ಸಾಲು ಸಾಲಾಗಿ ಬರೆಸಿಕೊಳ್ಳಿ: ಗಾಡಿ, ಜಿಎಸ್‌ಟಿ, ಆರ್‌ಟಿಒ, ಇನ್ಶೂರೆನ್ಸ್, ಹುಕ್ಕು, ಮೇಲಿನ ಛತ್ರಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ, ಟೈರ್-ಟ್ಯೂಬಿನದು 18ರಿಂದ 5ಕ್ಕೆ ಇಳಿದಿದೆ. ಹಳೇ ರೇಟ್ ಹಿಡಿದು "ಡಿಸ್ಕೌಂಟ್ ಕೊಟ್ಟೆ" ಅಂದರೆ ಅದು ಡೀಲರ್ ಜೇಬಿನದಲ್ಲ. ಸಬ್ಸಿಡಿ ಬೇಕಿದ್ದರೆ ಗಾಡಿ ತರುವ ಮುಂಚೆಯೇ ಎಫ್‌ಐಡಿ (ರೈತರ ನೋಂದಣಿ ಸಂಖ್ಯೆ) ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಅವರ ಪಟ್ಟಿಯಲ್ಲಿ ಇರುವ ಮಾಡೆಲ್‌ಗಳಿಗೂ ಚೀಟಿ ಪರೀಕ್ಷೆ ತಪ್ಪಿಸಬೇಡಿ.

ವಾರಂಟಿ ಇಷ್ಟು ವರ್ಷ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪಕ್ಕದಲ್ಲಿ ಗಾಡಿ ಓಡುವ ಗಂಟೆ ಎಷ್ಟು ಅಂತ ಓದಿ, ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಸೀಲ್, ಬೆಲ್ಟ್, ಫಿಲ್ಟರ್, ಕ್ಲಚ್ ಸವೆತ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ.

ಗಾಡಿ ಮನೆಗೆ ಬಂದ ವಾರವೇ ನಾನು ಪಿಟಿಒ ಸೀಲ್ ಎರಡು, ಆಕ್ಸಲ್ ಸೀಲ್ ಒಂದು ಜೋಡಿ, ಬೆಲ್ಟ್ ಒಂದು, ಡೀಸೆಲ್ ಫಿಲ್ಟರ್ ಎರಡು ತಂದೆ. ಈಗ ಹಳೇ ಔಷಧದ ಪೆಟ್ಟಿಗೆಯಲ್ಲಿ, ಪಂಪ್ ಮನೆಯ ಮಾಡದಲ್ಲಿ ಇವೆ. ಬೆಲ್ಟ್ ಮೇಲೆ ಕುಂಕುಮದಲ್ಲಿ ತಾರೀಖು ಬರೆದದ್ದು ನನ್ನ ಹೆಂಡತಿ. ಪೂಜೆಯ ದಿನವೇ ಅದಕ್ಕೂ ಆಗಿಹೋಗಲಿ ಅಂದಳು.